ವೇದಿಕೆಯಿಂದ ಇಳಿಯಿರಿ, ಸುತ್ತ ಕೂರೋಣ

ಮೊನ್ನೆ ನಮ್ಮನ್ನು ಟೆಂಪೋಗೆ ತುಂಬಿಕೊಂಡು ಸಮಾವೇಶಕ್ಕೆ ಕರಕೊಂಡು ಹೋದರು. ಒಂದೊಂದು ಹಾಸ್ಟೆಲ್ಲಿಗೆ ಇಷ್ಟಿಷ್ಟು ತಲೆ ಎಂದು ಮೊದಲೇ ಲೆಕ್ಕ ಬಂದಿತ್ತು. ನಮ್ಮದು ಅರವತ್ತು. ನೀಲಿ ಶಾಲು ಕೊಟ್ಟರು, ಬಾವುಟ ಕೊಟ್ಟರು, ಕೂಗಬೇಕಾದ ಘೋಷಣೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಬಿಸಿಲಲ್ಲಿ ಕೂತು ವೇದಿಕೆಯ ಕುರ್ಚಿ ಎಣಿಸಿದೆವು. ಹದಿನೇಳು. ಅದರಲ್ಲಿ ಒಂದು ಹೆಂಗಸಿನದು. ಆ ಅಕ್ಕನಿಗೆ ಕೊಟ್ಟ ಕೆಲಸ ವಂದನಾರ್ಪಣೆ. ಆಕೆ ಮೈಕಿನ ಮುಂದೆ ಬರುವಷ್ಟರಲ್ಲಿ ಅರ್ಧ ಜನ ಊಟದ ಸಾಲಿಗೆ ಎದ್ದು ಹೋಗಿದ್ದರು.

ಭಾಷಣ ಮೂರೂವರೆ ಗಂಟೆ. ಆಮೇಲೆ ಏಳು ನಿರ್ಣಯ ಓದಿದರು. "ಒಪ್ಪಿಗೆ ಇರೋರು ಕೈ ಎತ್ತಿ" ಅಂದರು. ಎತ್ತಿದೆವು. ಆ ಏಳೂ ನಿರ್ಣಯ ಬೆಳಿಗ್ಗೆ ಹತ್ತಕ್ಕೇ ಅಚ್ಚಾಗಿ ಪತ್ರಿಕೆಯವರ ಕೈ ಸೇರಿದ್ದವು ಎಂದು ಸಂಜೆ ಗೊತ್ತಾಯಿತು. ನಾವು ಕೈ ಎತ್ತುವ ಮುಂಚೆಯೇ ನಮ್ಮ ಕೈ ಎತ್ತಿಯಾಗಿತ್ತು.

ಐದನೇ ನಿರ್ಣಯ ನಮ್ಮದೇ ವಿಷಯ. ಬೇಡಿಕೆ ಈಡೇರುವ ತನಕ ಹಾಸ್ಟೆಲ್ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಬೇಕು. ಬಹಿಷ್ಕರಿಸುವವರು ನಾವು. ಹಾಜರಿ ಹೋಗುವುದು ನಮ್ಮದು. ಪರೀಕ್ಷೆಗೆ ಕೂರಿಸದೆ ವಾಪಸ್ ಕಳಿಸಿದರೆ ಊರಿಗೆ ಹೋಗಿ ಅವ್ವನ ಮುಖ ನೋಡಬೇಕಾದವರೂ ನಾವೇ. ನಮ್ಮ ಪಕ್ಕ ಕೂತಿದ್ದ ಪಿಯುಸಿ ಹುಡುಗನೊಬ್ಬ ಎದ್ದು ನಿಂತ. "ಅಣ್ಣಾ, ಒಂದು ಮಾತು" ಅಂದ. ಬ್ಯಾಡ್ಜು ಹಾಕಿದ್ದ ಕಾರ್ಯಕರ್ತ ಅವನ ಭುಜ ಹಿಡಿದು ಅಮುಕಿದ. "ಕೂತ್ಕಳೋ ಸುಮ್ನೆ. ಪ್ರಶ್ನೆ ಕೇಳೋ ಜಾಗ ಅಲ್ಲ ಇದು."

ಬಹಿಷ್ಕಾರ ಬೇಡವೆಂದು ನಾವು ಹೇಳುತ್ತಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆವೋ ಏನೋ. ಕೇಳಲಿಲ್ಲ ಎಂಬುದೇ ನಮ್ಮ ತಕರಾರು. ಮತ್ತೆ ಆ ಕಾರ್ಯಕರ್ತನ ಮಾತಿದೆಯಲ್ಲ, ಅದನ್ನು ನಾವು ಮೊದಲ ಸಲ ಕೇಳುತ್ತಿಲ್ಲ. ಊರ ಅರಳಿಕಟ್ಟೆಯ ಹತ್ತಿರ ನಮ್ಮ ಅಪ್ಪಂದಿರು, ತಾತಂದಿರು ಚಪ್ಪಲಿ ಕೈಲಿ ಹಿಡಿದು ದೂರ ನಿಂತು ಕೇಳಿದ್ದು ಇದೇ ಮಾತು. ಕಟ್ಟೆ ಬದಲಾಗಿ ವೇದಿಕೆ ಬಂತು. ದೂರ ನಿಂತಿದ್ದವರು ನೆಲದ ಮೇಲೆ ಕೂತೆವು. ಅಷ್ಟು ಸುಧಾರಣೆ ಆಗಿದೆ, ಇಲ್ಲ ಅನ್ನಲಾರೆವು.

ಅದಕ್ಕೇ ನಾವು ಹೇಳುವುದು: ವೇದಿಕೆಯಿಂದ ಇಳಿಯಿರಿ. ಸುತ್ತ ಕೂರೋಣ. ಮಾತಾಡಿ, ಎಣಿಸಿ, ಬರೆದಿಟ್ಟು ತೀರ್ಮಾನ ಮಾಡೋಣ.

ಇಷ್ಟು ಹೇಳಿದ ಕೂಡಲೇ ಎರಡು ಥರದ ಜನ ನಮ್ಮ ಮೇಲೆ ಬೀಳುತ್ತಾರೆ. ಒಬ್ಬರು ನಮ್ಮ ನಾಯಕರು. ಅವರ ವಿಚಾರ ಆಮೇಲೆ. ಇನ್ನೊಬ್ಬರು ನಗುನಗುತ್ತಾ ಬಂದು ತಬ್ಬಿಕೊಳ್ಳುವವರು. "ನೋಡ್ರಪ್ಪಾ, ಇದೇ ನಮ್ಮ ಪ್ರಾಚೀನ ಪದ್ಧತಿ, ಹಳ್ಳಿಯ ಪಂಚಾಯ್ತಿ, ಎಲ್ಲರೂ ಸುತ್ತ ಕೂತು ಒಮ್ಮತದಿಂದ ತೀರ್ಮಾನ ಮಾಡುತ್ತಿದ್ದರು" ಎನ್ನುತ್ತಾರೆ. ಯಾರು ಸ್ವಾಮಿ ಆ ಎಲ್ಲರೂ? ಕಟ್ಟೆ ದುಂಡಗೇ ಇತ್ತು, ನಾವೂ ನೋಡಿದ್ದೇವೆ. ದುಂಡಗಿದ್ದ ಮಾತ್ರಕ್ಕೆ ಅದರೊಳಗೆ ನಮಗೆ ಜಾಗ ಇತ್ತೇ?

ಹಳೇ ಮೈಸೂರು ಸೀಮೆಯ ಒಂದು ಸಂಗತಿ ಹೇಳುತ್ತೇವೆ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಆ ಗಡಿ ಎಲ್ಲಿ ಹಾಯುತ್ತದೆಂದು ಪ್ರಮಾಣ ಮಾಡಿ ಹೇಳುವ ಹಕ್ಕು ಇದ್ದದ್ದು ಹೊಲಗೇರಿಯ ಕುಳವಾಡಿಗೆ. ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಗಡಿ ನಡೆಯಬೇಕು. ಅವನು ನಡೆದದ್ದೇ ಗೆರೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ನೆಲ ಯಾರದು ಎಂದು ನಿಜ ಹೇಳಲು ನಮ್ಮ ತಾತ ಬೇಕು. ಹೇಳಿ ಮುಗಿದ ಮೇಲೆ ಅದೇ ನೆಲದ ಕಟ್ಟೆ ಹತ್ತಲು ಅವನಿಗೆ ಹಕ್ಕಿಲ್ಲ. ಇದು ಅವರ ಪ್ರಾಚೀನ ಪ್ರಜಾಪ್ರಭುತ್ವ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸಿದಾಗ ಈ ಹಳ್ಳಿ ಭಜನೆಯವರಿಗೆ ಮುಖ ಕೊಟ್ಟೇ ಉತ್ತರ ಹೇಳಿದರು. ಹಳ್ಳಿ ಎಂದರೆ ಸಂಕುಚಿತತೆಯ, ಅಜ್ಞಾನದ, ಜಾತಿಮತಗಳ ಗೂಡು ಎಂದರು. ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡಿದ್ದಕ್ಕೆ ತಮಗೆ ಸಂತೋಷ ಎಂದರು. ಹೊಟ್ಟೆ ಉರಿದುಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಈಗಿನವರು ಜಮಖಾನ ಹಾಸುತ್ತಾರೆ. ಬಣ್ಣದ ಚೀಟಿ ಹಂಚುತ್ತಾರೆ. ಎಲ್ಲರೂ ಸುತ್ತ ಕೂರಬೇಕು, ಒಂದು ಕೋಲು ಕೈಯಿಂದ ಕೈಗೆ ದಾಟಬೇಕು, ಕೋಲು ಹಿಡಿದವರೇ ಮಾತಾಡಬೇಕು, ಉಳಿದವರು ಕೇಳಬೇಕು. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ಪದ್ಧತಿ ಅದು. ನೆಲ ಕಳಕೊಂಡ ಜನರದು. ಅವರಿಗೆ ನಮ್ಮ ಜೈಭೀಮ್. ಆದರೆ ನಮ್ಮೂರಲ್ಲಿ ಏನಾಯಿತು ಕೇಳಿ. ಒಂದು ಸಂಸ್ಥೆಯವರು ಬಂದು ಊರಿನವರನ್ನೂ ಕೇರಿಯವರನ್ನೂ ಒಟ್ಟಿಗೆ ಸುತ್ತ ಕೂರಿಸಿದರು. ಫೋಟೋ ತೆಗೆದರು. ಕೋಲು ಸುತ್ತಿ ಸುತ್ತಿ ನಮ್ಮ ದೊಡ್ಡಪ್ಪನ ಕೈಗೆ ಬಂತು. ಎದುರುಗಡೆ ಕೂತಿದ್ದವರು ಯಾರು? ದೊಡ್ಡಪ್ಪ ದಿನಾ ಕೂಲಿಗೆ ಹೋಗುವ ಹೊಲದ ಯಜಮಾನರು. ದೊಡ್ಡಪ್ಪ ಕೋಲನ್ನು ಎರಡೂ ಕೈಲಿ ಹಿಡಕೊಂಡು, "ಎಲ್ಲಾ ಚೆನ್ನಾಗದೆ ಸ್ವಾಮಿ, ನಮ್ಗೇನೂ ತೊಂದ್ರೆ ಇಲ್ಲ" ಅಂತ ಹೇಳಿ ಪಕ್ಕಕ್ಕೆ ದಾಟಿಸಿದ. ಆ ವರ್ಷ ಕೇರಿಯ ಬೋರ್‌ವೆಲ್ ಕೆಟ್ಟು ಎರಡು ತಿಂಗಳಾಗಿತ್ತು. ಸಂಸ್ಥೆಯವರ ವರದಿಯಲ್ಲಿ ಏನು ಬರೆದರು? ಸಮುದಾಯದಲ್ಲಿ ಸಾಮರಸ್ಯವಿದೆ.

ಹೊಟ್ಟೆಯ ಜುಟ್ಟು ಒಬ್ಬನ ಕೈಲಿರುವಾಗ ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಒಮ್ಮತ ಕೇಳುವುದು ಮೋಸ. ಅಂಥ ಕಡೆ ನಮಗೆ ಬೇಕಾದ್ದು ಗುಟ್ಟಿನ ಮತದಾನ, ಕಾನೂನು, ಮೀಸಲಾತಿ. ಒಮ್ಮತ ಅಲ್ಲ. 'ಅವಿರೋಧ ಆಯ್ಕೆ' ಎಂಬ ಮುದ್ದಾದ ಮಾತು ಇದೆಯಲ್ಲ, 2020ರ ಗ್ರಾಮ ಪಂಚಾಯ್ತಿ ಚುನಾವಣೆಯ ಹೊತ್ತಿಗೆ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲೇ ಬಂತು. ಹಣ ಕೊಟ್ಟವನು ಅವಿರೋಧ. ಊರೆಲ್ಲ ಒಮ್ಮತ. ತಮಿಳುನಾಡಿನ ಮೇಲವಳವಿನಲ್ಲಿ ಮೀಸಲು ಪಂಚಾಯ್ತಿಗೆ ಅಧ್ಯಕ್ಷನಾಗಿ ಗೆದ್ದ ಮುರುಗೇಸನ್‌ರನ್ನು 1997ರ ಜೂನ್‌ನಲ್ಲಿ ಸಂಗಾತಿಗಳ ಸಮೇತ ಬಸ್ಸಿನಿಂದ ಎಳೆದು ಕೊಂದರು. ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ 1996ರಿಂದ ಹತ್ತು ವರ್ಷ ಮೀಸಲು ಸ್ಥಾನದ ಚುನಾವಣೆಯನ್ನೇ ನೆಟ್ಟಗೆ ನಡೆಯಗೊಡಲಿಲ್ಲ. 1993ರಿಂದ ಸಂವಿಧಾನದಲ್ಲೇ ಬರೆದಿರುವ ಪಂಚಾಯ್ತಿಯ ಸುತ್ತಿನೊಳಗೆ ಕಾಲಿಟ್ಟರೆ ಸಿಗುವ ಬೆಲೆ ಇದು. ಆದ್ದರಿಂದ ದುಂಡಗೆ ಕೂತರೆ ಸಮಾನತೆ ತಾನಾಗಿ ಬರುತ್ತದೆ ಎಂದು ಹೇಳುವವರ ಜತೆ ನಮ್ಮನ್ನು ಸೇರಿಸಬೇಡಿ.

ನಾವು ಹೇಳುತ್ತಿರುವ ಸುತ್ತು ಮೊದಲು ನಮ್ಮೊಳಗಿನದು. ಕೇರಿಯೊಳಗೆ, ಹಾಸ್ಟೆಲ್ಲಿನೊಳಗೆ, ಸಮಿತಿಯೊಳಗೆ.

ಅಲ್ಲೂ ಬೆನ್ನು ತಟ್ಟಿಕೊಳ್ಳುವಂಥದ್ದು ಏನಿಲ್ಲ. ನಮ್ಮ ಕೇರಿಗೂ ಒಂದು ಪಂಚಾಯ್ತಿ ಇದೆ. ಯಜಮಾನರಿದ್ದಾರೆ. ಮಾರಿಗುಡಿಯ ಮುಂದೆ ಸುತ್ತ ಕೂರುತ್ತಾರೆ. ಗಂಡ ಹೊಡೆದ ಎಂದು ದೂರು ತಂದ ಹೆಂಗಸಿನ ನ್ಯಾಯ ಅಲ್ಲಿ ತೀರ್ಮಾನ ಆಗುತ್ತದೆ. ಆ ಹೆಂಗಸು ಎಲ್ಲಿರುತ್ತಾಳೆ? ಗೋಡೆ ಮರೆಯಲ್ಲಿ. ಅವಳ ಮಾತನ್ನು ಅವಳ ಅಣ್ಣ ಬಂದು ಹೇಳುತ್ತಾನೆ. ದಂಡ ಕಟ್ಟಿಸಿಕೊಂಡು, ಎಲೆಅಡಿಕೆ ಹಾಕಿಕೊಂಡು ಗಂಡಸರು ಎದ್ದು ಹೋಗುತ್ತಾರೆ. ಊರಿನವರು ನಮಗೆ ಮಾಡಿದ್ದನ್ನು ನಾವು ನಮ್ಮ ಅವ್ವಂದಿರಿಗೆ ಮಾಡಿದ್ದೇವೆ. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಮನೆ ವಿಷಯ ಬೀದಿಗೆ ತಂದರು ಎನ್ನುತ್ತಾರೆ. ಬರಲಿ.

ಹಾಗಾದರೆ ಯಾವ ಸುತ್ತು? 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ನಾವೆಲ್ಲ ತುಂಡುತುಂಡಾಗಿ ಬಲ್ಲೆವು. ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎಂದದ್ದನ್ನು ಪ್ರತಿ ಜಯಂತಿಯಲ್ಲೂ ಹೇಳುತ್ತೇವೆ. ಅದೇ ಭಾಷಣದಲ್ಲಿ ಇನ್ನೆರಡು ಮಾತಿವೆ. ಒಂದು, ರಾಜಕೀಯದಲ್ಲಿ ಭಕ್ತಿ ಎನ್ನುವುದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬ ಎಚ್ಚರಿಕೆ. ನಮ್ಮ ಸಮಾವೇಶಗಳ ಕಟೌಟು ನೋಡಿದರೆ ಈ ಮಾತನ್ನು ಯಾಕೆ ಯಾರೂ ನೆನೆಯುವುದಿಲ್ಲ ಎಂದು ಗೊತ್ತಾಗುತ್ತದೆ. ಇನ್ನೊಂದು, ಸಭೆ ನಡೆಸುವ ನಿಯಮಗಳು ಬಿಳಿಯರಿಂದ ಕಲಿತದ್ದಲ್ಲ, ಬೌದ್ಧ ಭಿಕ್ಷು ಸಂಘಗಳಲ್ಲೇ ಇದ್ದವು ಎಂಬುದು. ಯಾರು ಎಲ್ಲಿ ಕೂರಬೇಕು, ಪ್ರಸ್ತಾಪ ಹೇಗೆ ತರಬೇಕು, ಎಷ್ಟು ಜನ ಇರಬೇಕು, ಮತ ಹೇಗೆ ಎಣಿಸಬೇಕು, ಎಲ್ಲಕ್ಕೂ ನಿಯಮ ಇತ್ತು ಎಂದು ಪಟ್ಟಿ ಮಾಡಿ ಹೇಳಿದರು. ಅವರು ಕೈ ತೋರಿಸಿದ ಕಡೆ ನಾವು ಹೋಗಿ ನೋಡಲೇ ಇಲ್ಲ.

ಹೋಗಿ ನೋಡಿದರೆ ವಿನಯಪಿಟಕದಲ್ಲಿ ನಮಗೆ ಬೇಕಾದದ್ದು ರಾಶಿ ಬಿದ್ದಿದೆ. ಮೊದಲು, ಕೂರುವ ವಿಷಯ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಅವರ ಜತೆ ಕ್ಷೌರಿಕ ಉಪಾಲಿಯೂ ಬಂದ. ಇವನಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಇವನಿಗೆ ಎದ್ದು ನಿಂತು ಕೈ ಮುಗಿಯಬೇಕಾಗುತ್ತದೆ, ನಮ್ಮ ಕುಲದ ಗರ್ವ ಇಳಿಯುತ್ತದೆ ಎಂದು ಆ ರಾಜಕುಮಾರರೇ ಕೇಳಿಕೊಂಡರು. ಕೊಟ್ಟರು. ಸಂಘದಲ್ಲಿ ಆಸನದ ಸಾಲು ಹುಟ್ಟಿನಿಂದ ಅಲ್ಲ, ಸೇರಿದ ದಿನದಿಂದ. ಬುದ್ಧ ತೀರಿಕೊಂಡ ಮೇಲೆ ರಾಜಗೃಹದ ಸಭೆಯಲ್ಲಿ ವಿನಯದ ನಿಯಮಗಳನ್ನು ಹೇಳಿದವನೂ ಆ ಉಪಾಲಿಯೇ. ಕ್ಷೌರಿಕ ಹೇಳಿದ, ರಾಜಕುಮಾರರು ಕೇಳಿದರು.

ಇನ್ನು ಬರಲಾಗದವರ ವಿಷಯ. ಕಾಯಿಲೆ ಬಿದ್ದ ಭಿಕ್ಷು ಸಭೆಗೆ ಬರಲಾಗದಿದ್ದರೆ ತನ್ನ ಒಪ್ಪಿಗೆಯನ್ನು ಇನ್ನೊಬ್ಬನ ಕೈಲಿ ಕಳಿಸಬೇಕು. ಅದೂ ಆಗದಿದ್ದರೆ ಅವನನ್ನು ಮಂಚದ ಸಮೇತ ಸಭೆಗೆ ಹೊತ್ತು ತರಬೇಕು. ಹೊತ್ತರೆ ಕಾಯಿಲೆ ಹೆಚ್ಚುತ್ತದೆ ಎಂದಾದರೆ ಸಂಘವೇ ಅವನಿದ್ದಲ್ಲಿಗೆ ಹೋಗಿ ಸಭೆ ಮಾಡಬೇಕು. ಅರ್ಧ ಸಂಘ ಕೂತು ಪೂರ್ತಿ ಸಂಘದ ಹೆಸರಲ್ಲಿ ತೀರ್ಮಾನ ಮಾಡುವಂತಿಲ್ಲ. ಗೆಳೆಯರೇ, ಇದನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತು. ನಮ್ಮ ಸಮಿತಿ ಸಭೆ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಜಿಲ್ಲಾ ಕೇಂದ್ರದ ಪ್ರವಾಸಿ ಮಂದಿರದಲ್ಲಿ. ಕಳೆ ಕೀಳಲು ಹೋದ ಅವ್ವ ಬರುತ್ತಾಳೆಯೇ? ಮ್ಯಾನ್‌ಹೋಲ್ ಪಕ್ಕ ನಿಂತ ಪೌರಕಾರ್ಮಿಕ ಬರುತ್ತಾನೆಯೇ? ಅವರ ಮಂಚ ಹೊರುವುದಿರಲಿ, ಸಭೆ ಇದೆ ಎಂದು ಅವರಿಗೆ ಹೇಳಿದ್ದಾದರೂ ಯಾರು?

ಇನ್ನು ಹಣ. ಬುದ್ಧ ಹೋಗಿ ಸುಮಾರು ನೂರು ವರ್ಷಕ್ಕೆ ವೈಶಾಲಿಯಲ್ಲಿ ದೊಡ್ಡ ಜಗಳ ಆಯಿತು. ಅಲ್ಲಿನ ಭಿಕ್ಷುಗಳು ಉಪೋಸಥದ ದಿನ ಕಂಚಿನ ಬಟ್ಟಲಿಗೆ ನೀರು ತುಂಬಿ ಸಂಘದ ಮಧ್ಯೆ ಇಟ್ಟು, ಸಂಘಕ್ಕೆ ಕಾಸು ಹಾಕಿ ಎಂದು ಬಂದವರನ್ನು ಕೇಳುತ್ತಿದ್ದರು. ಯಶ ಎಂಬ ಭಿಕ್ಷು, ಇದು ತಪ್ಪು ಎಂದು ಬಂದ ಜನರ ಎದುರಿಗೇ ಹೇಳಿದ. ರಾತ್ರಿ ಹಣ ಹಂಚಿಕೊಂಡು ಅವನ ಪಾಲನ್ನೂ ಕೊಡಲು ಹೋದರು. ಬೇಡ ಎಂದ. ಅವನ ಮೇಲೇ ಶಿಸ್ತುಕ್ರಮ ತೆಗೆದುಕೊಂಡರು. ಎಷ್ಟು ಪರಿಚಿತವಾಗಿದೆ ನೋಡಿ! ಯಶ ಊರೂರು ತಿರುಗಿ ಜನ ಸೇರಿಸಿದ. ಸಭೆ ಕೂತಾಗ ಮಾತು ಕೊನೆ ಮೊದಲಿಲ್ಲದೆ ಬೆಳೆಯಿತು. ಆಗ ಪೂರ್ವದವರಿಂದ ನಾಲ್ವರು, ಪಶ್ಚಿಮದವರಿಂದ ನಾಲ್ವರು ಎಂದು ಎಂಟು ಜನರನ್ನು ಆರಿಸಿ ಅವರಿಗೆ ವಹಿಸಿದರು. ಆಸನ ಹಾಕುವುದಕ್ಕೇ ಒಬ್ಬನನ್ನು ನೇಮಿಸಿದರು. ಎಂಟು ಜನ ಒಂದೊಂದಾಗಿ ಹತ್ತು ಆರೋಪ ವಿಚಾರಿಸಿ, ಆಮೇಲೆ ಪೂರ್ತಿ ಸಂಘದ ಮುಂದೆ ಇನ್ನೊಂದು ಸಲ ಅದೇ ಪ್ರಶ್ನೋತ್ತರ ನಡೆಸಿದರು. ಬಾಗಿಲು ಹಾಕಿಕೊಂಡು ತೀರ್ಮಾನ ಮಾಡಿ ಪತ್ರಿಕಾ ಹೇಳಿಕೆ ಕೊಡಲಿಲ್ಲ.

ಇದನ್ನೆಲ್ಲ ಹೇಳಿ ವಿನಯಪಿಟಕವನ್ನು ತಲೆಯ ಮೇಲೆ ಹೊತ್ತು ಕುಣಿಯಿರಿ ಎಂದು ನಾವು ಹೇಳುವುದಿಲ್ಲ. ಅದರಲ್ಲೇ, ನೂರು ವರ್ಷದ ಭಿಕ್ಷುಣಿಯೂ ಈವತ್ತು ದೀಕ್ಷೆಯಾದ ಭಿಕ್ಷುವಿಗೆ ಎದ್ದು ಕೈ ಮುಗಿಯಬೇಕು ಎಂಬ ನಿಯಮವೂ ಇದೆ. ಕ್ಷೌರಿಕನಿಗೆ ತೆರೆದ ಸಾಲು ಹೆಂಗಸಿಗೆ ತೆರೆಯಲಿಲ್ಲ. ಮತದ ಕಡ್ಡಿ ಎಣಿಸುವವನು, ಅಧರ್ಮದ ಕಡೆಗೆ ಹೆಚ್ಚು ಬಿತ್ತು ಅನ್ನಿಸಿದರೆ ಎಣಿಕೆ ಸರಿಯಿಲ್ಲವೆಂದು ತಳ್ಳಿಹಾಕಬಹುದು ಎಂದೂ ಇದೆ. ಯಾವುದು ಧರ್ಮ ಎಂದು ಹೇಳುವವನು ಅವನೇ ಆದರೆ ಇನ್ನೇನು ಉಳಿಯಿತು? ಇನ್ನೊಂದು: ಪ್ರಸ್ತಾಪವನ್ನು ಮೂರು ಸಲ ಕೂಗಿ ಹೇಳುತ್ತಾರೆ, ಒಪ್ಪದವನು ಮಾತಾಡಬೇಕು, ಸುಮ್ಮನಿದ್ದರೆ ಒಪ್ಪಿಗೆ. ಮೂರು ಸಲ ಕೇಳುವುದು ಒಳ್ಳೆಯದೇ. ಆದರೆ ನಮ್ಮ ಜನರ ಮೌನ ಒಪ್ಪಿಗೆಯ ಮೌನ ಅಲ್ಲ. ಅದು ಎರಡು ಸಾವಿರ ವರ್ಷ ಬಾಯಿಗೆ ಮಡಕೆ ಕಟ್ಟಿಸಿಕೊಂಡ ಮೌನ. ನಮ್ಮ ಸುತ್ತಿನಲ್ಲಿ ಸುಮ್ಮನಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಹಾಕಬಾರದು.

ಅನುಭವ ಮಂಟಪದ ಮಾತು ತೆಗೆಯದಿದ್ದರೆ ಹೇಗೆ ಎನ್ನುತ್ತೀರಿ. ಡೋಹರ ಕಕ್ಕಯ್ಯ, ಅಕ್ಕ ಮಹಾದೇವಿ ಕೂತ ಸಭೆಯ ಆ ಚಿತ್ರ ನಮಗೆ ಬಹುಮಟ್ಟಿಗೆ ಬಂದಿರುವುದು ಹದಿನೈದನೇ ಶತಮಾನದ ಶೂನ್ಯಸಂಪಾದನೆಗಳಿಂದ. ಚಿತ್ರ ಚೆಂದವೇ. ಆದರೆ ಅದರ ಬಗ್ಗೆ ಕೇಳಿದ ಭಾಷಣಗಳನ್ನೆಲ್ಲ ನಾವು ಸೋಫಾ ಹಾಕಿದ ವೇದಿಕೆಯ ಕೆಳಗೆ ಕೂತೇ ಕೇಳಿದ್ದೇವೆ.

ಈಗ ನಮ್ಮ ನಾಯಕರ ವಿಚಾರಕ್ಕೆ ಬರೋಣ. ಅಣ್ಣಂದಿರು ಕೇಳುತ್ತಾರೆ: "ಯುದ್ಧ ನಡೀತಿರುವಾಗ ಸುತ್ತ ಕೂತು ಹರಟೆ ಹೊಡೆಯೋಕಾಗುತ್ತೇನ್ರೋ? ಕೇರಿಗೆ ಬೆಂಕಿ ಬಿದ್ದಾಗ ಮತ ಎಣಿಸ್ತಾ ಕೂರ್ತೀರಾ?" ಬೆಂಕಿ ಬಿದ್ದಾಗ ಓಡಿ ಹೋಗೋಣ ಅಣ್ಣಾ, ಯಾರು ಬೇಡ ಅಂದರು. ಬೆಂಕಿ ಆರಿದ ಮೇಲೆ ಪರಿಹಾರದ ಚೆಕ್ಕಿನ ವಿಷಯ, ಕೇಸು ರಾಜಿ ಮಾಡಿಕೊಳ್ಳುವ ವಿಷಯ, ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಬೆಂಬಲ ಎನ್ನುವ ವಿಷಯ, ಇವೆಲ್ಲ ಯಾವ ಯುದ್ಧದ ಅವಸರದಲ್ಲಿ ತೀರ್ಮಾನ ಆದವು? ಕಾರಿನೊಳಗೆ ನಾಲ್ಕು ಜನ ಕೂತು ತೀರ್ಮಾನ ಮಾಡಿದ್ದು ನಮಗೆ ಗೊತ್ತಿಲ್ಲವೇ?

1970ರ ದಶಕದ ನಡುವೆ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು, ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಸಮಿತಿಯಲ್ಲಿ 'ಸಂಚಾಲಕ' ಎಂಬ ಪದ ಬಂತು. ಅಧ್ಯಕ್ಷ ಅಲ್ಲ, ಸಂಚಾಲಕ. ಆ ಪದದಲ್ಲೇ ಒಂದು ವಿಚಾರ ಇದೆ. ಅಧ್ಯಕ್ಷ ಮೇಲೆ ಕೂರುವವನು, ಸಂಚಾಲಕ ಎಲ್ಲರನ್ನೂ ಸೇರಿಸಿ ನಡೆಸುವವನು. ನಲವತ್ತೈವತ್ತು ವರ್ಷದಲ್ಲಿ ಪದ ಉಳಿಯಿತು, ಸಂಚಾಲಕ ಅಧ್ಯಕ್ಷನಾದ. ಒಂದು ಸಮಿತಿ ಹೋಗಿ ಎಷ್ಟು ಬಣಗಳಾದವು, ಎಷ್ಟು ಲೆಟರ್‌ಹೆಡ್ ಆದವು, ನೀವೇ ಎಣಿಸಿ. ಒಡಕಿಗೆ ಕಾರಣ ನೂರಿವೆ, ಎಲ್ಲವನ್ನೂ ಸಭೆ ನಡೆಸುವ ರೀತಿಯ ತಲೆಗೆ ಕಟ್ಟುವಷ್ಟು ದಡ್ಡರಲ್ಲ ನಾವು. ಆದರೆ ಒಳಗೆ ಕೂತು ಜಗಳ ಆಡಲು ಜಾಗ ಇಲ್ಲದಾಗ ಮನುಷ್ಯ ಏನು ಮಾಡುತ್ತಾನೆ? ಹೊರಗೆ ಹೋಗಿ ಬೇರೆ ಬೋರ್ಡು ಹಾಕುತ್ತಾನೆ.

ಒಳಮೀಸಲಾತಿಯನ್ನೇ ತಗೊಳ್ಳಿ. ಸದಾಶಿವ ಆಯೋಗ 2005ರಲ್ಲಿ ಬಂತು, 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ, ಒಳವರ್ಗೀಕರಣ ಮಾಡಬಹುದು ಎಂದಿತು. ಇಷ್ಟು ವರ್ಷ ಹೊಲೆಯ ಮಾದಿಗ ಇಬ್ಬರೂ ಒಂದು ಚಾಪೆಯ ಮೇಲೆ ಎದುರುಬದುರು ಕೂತು, ನಿನಗೆಷ್ಟು ಸಿಕ್ಕಿದೆ ನನಗೆಷ್ಟು ಸಿಕ್ಕಿದೆ, ಲೆಕ್ಕ ತೆಗಿ ಅಣ್ಣಾ, ಎಂದು ಕೇಳಿದ್ದು ಎಷ್ಟು ಸಲ? ಬೇರೆ ಬೇರೆ ಮೈದಾನದಲ್ಲಿ ಬೇರೆ ಬೇರೆ ಮೈಕು ಹಾಕಿ ಕೂಗಿದೆವು. ನಮ್ಮ ಮನೆಯ ಪಾಲು ಹೇಳಲು ನ್ಯಾಯಮೂರ್ತಿಗಳು ಬರಬೇಕಾಯಿತು.

ಸುತ್ತ ಕೂರುವುದು ಬರೀ ಮಾತು, ಅದರಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಬ್ರೆಜಿಲ್ ದೇಶದ ಒಂದು ಸಂಗತಿ. ಪಾವ್ಲೋ ಫ್ರೇರಿ ಎಂಬ ಮೇಷ್ಟ್ರು 1963ರಲ್ಲಿ ಅಂಗಿಕೋಸ್ ಎಂಬ ಬಡ ಊರಲ್ಲಿ ಸುಮಾರು 300 ಕೂಲಿಕಾರರನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಕೂರಿಸಿ, 40 ಗಂಟೆಯ ಪಾಠದಲ್ಲಿ ಅಕ್ಷರ ಕಲಿಸುವ ಪ್ರಯೋಗ ನಡೆಸಿದರು. ಅವರ ಬದುಕಿನ ಪದಗಳನ್ನೇ ಇಟ್ಟುಕೊಂಡು ಚರ್ಚೆ, ಚರ್ಚೆಯಿಂದ ಅಕ್ಷರ. ಓದುಬರಹ ಬಾರದವರಿಗೆ ಆಗ ಅಲ್ಲಿ ವೋಟಿರಲಿಲ್ಲ. ಅಕ್ಷರ ಬಂದರೆ ವೋಟು ಬರುತ್ತದೆ. 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಆ ಸುತ್ತುಗಳನ್ನು ಮುಚ್ಚಿತು, ಮೇಷ್ಟ್ರನ್ನು ಜೈಲಿಗೆ ಹಾಕಿತು. ಬರೀ ಮಾತಾಗಿದ್ದರೆ ಅಷ್ಟು ಭಯ ಯಾಕೆ?

ನಮ್ಮ ಹಾಸ್ಟೆಲ್ಲಿನಲ್ಲಿ ನಾವೂ ಮಾಡಿ ನೋಡಿದೆವು. ಮೆಸ್ಸಿನ ಬೆಂಚು ಗೋಡೆಗೆ ಸರಿಸಿ ನೆಲದ ಮೇಲೆ ಸುತ್ತ ಕೂತೆವು. ಮೊದಲ ವಾರ ಹಾಳಾಯಿತು. ಮಾತಾಡಿದವರು ಐದು ಜನ. ಎಲ್ಲ ಎಂ.ಎ.ಯವರು, ಇಲ್ಲ ಆಗಲೇ ಮುಗಿಸಿದವರು. ಕವಿಗಳಾದ ನಮ್ಮ ಪಾಪ ಬೇರೆ: ಒಬ್ಬ ಎದ್ದು ಪದ್ಯ ಓದಿದ, ಚಪ್ಪಾಳೆ ಬಿತ್ತು, ಸಭೆ ಮುಗಿಯಿತು. ಅಮೆರಿಕದ ಜೋ ಫ್ರೀಮನ್ ಎಂಬ ಸ್ತ್ರೀವಾದಿ ಇದನ್ನು 1970ರಲ್ಲೇ ಹೇಳಿದ್ದಾಳೆ. ನಮ್ಮಲ್ಲಿ ನಾಯಕರೇ ಇಲ್ಲ ಎನ್ನುವ ಗುಂಪಿನಲ್ಲಿ ನಾಯಕರು ಅಡಗಿಕೊಂಡಿರುತ್ತಾರೆ, ಆರಿಸಿದವರಲ್ಲದ ಕಾರಣ ಅವರನ್ನು ಇಳಿಸಲೂ ಆಗುವುದಿಲ್ಲ ಎಂದು.

ಎರಡನೇ ವಾರ ನಿಯಮ ಮಾಡಿದೆವು. ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಕೊನೆಗೆ. ಎಲ್ಲರದೂ ಒಂದು ಸುತ್ತು ಆಗುವ ತನಕ ಯಾರಿಗೂ ಎರಡನೇ ಸಲ ಮಾತಿಲ್ಲ. ಮಾತಾಡಲು ಆಗದವನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬಹುದು, ಹೆಸರು ಬೇಕಿಲ್ಲ. ನಡೆಸುವವನು, ಬರೆಯುವವನು ವಾರಕ್ಕೊಬ್ಬರು, ರೂಮಿನ ನಂಬರಿನ ಪ್ರಕಾರ. ಬರೆದದ್ದನ್ನು ಏಳುವ ಮುಂಚೆ ಗಟ್ಟಿಯಾಗಿ ಓದಬೇಕು.

ವಿಷಯ ಊಟದ್ದು. ಸರ್ಕಾರಿ ಕಾಗದದಲ್ಲಿ ಆಹಾರ ಸಮಿತಿ ಇದೆ, ಅದರಲ್ಲಿ ವಿದ್ಯಾರ್ಥಿಗಳ ಹೆಸರಿವೆ, ಸಹಿಯೂ ಇದೆ. ಸಭೆ ಆದದ್ದು ಮಾತ್ರ ನಾವು ಕಾಣೆವು. ಮೊದಲ ವರ್ಷದ ಹುಡುಗರು ಮಾತಾಡುತ್ತಾ ಹೋದ ಹಾಗೆ ನಮಗೇ ಗೊತ್ತಿಲ್ಲದ್ದು ಗೊತ್ತಾಯಿತು. ಮೂರನೇ ಪಾಳಿಯಲ್ಲಿ ಉಣ್ಣುವವರಿಗೆ ಸಾರಿನಲ್ಲಿ ಬೇಳೆ ಇರುವುದಿಲ್ಲ, ನೀರು ಬೆರೆಸುತ್ತಾರೆ. ಮೊದಲ ಪಾಳಿಯಲ್ಲಿ ಉಣ್ಣುವವರು ಯಾರು? ಹೋರಾಟದ ಮಾತಾಡುವ ನಾವು, ಹಿರಿಯರು. ತೀರ್ಮಾನ ಆಯಿತು: ಪಾಳಿ ವಾರವಾರ ತಿರುಗಬೇಕು. ಉಗ್ರಾಣದ ಬಾಗಿಲು ತೆಗೆದು ಅಕ್ಕಿ ಬೇಳೆ ತೂಗುವಾಗ ದಿನಕ್ಕಿಬ್ಬರು ನಿಂತು ಪುಸ್ತಕದಲ್ಲಿ ಬರೆಯಬೇಕು. ಮೇಲಿನವರು ಮೊದಲು ಗದರಿದರು. ಎಂಬತ್ತು ಹುಡುಗರ ಸಹಿ ಇದ್ದ ನಿರ್ಣಯ ಮುಂದಿಟ್ಟೆವು. ಯಾರು ನಿಮ್ಮ ಲೀಡರ್ ಎಂದು ಕೇಳಿದರು. ಈ ವಾರ ಹನ್ನೊಂದನೇ ರೂಮಿನವನು ಸಾರ್, ಮುಂದಿನ ವಾರ ಹನ್ನೆರಡು ಅಂದೆವು. ಯಾರನ್ನು ಹೊರಗೆ ಹಾಕಬೇಕೆಂದು ಅವರಿಗೆ ತಿಳಿಯಲಿಲ್ಲ. ಈಗ ತೂಗುತ್ತಿದ್ದೇವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಗೆಲುವಿನ ಕಥೆ. ನಾಲ್ಕನೇ ವಾರ ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದದ್ದು. ಆ ವಾರ ಬರೆಯುವ ಸರದಿಯವನು ಗಟ್ಟಿಯಾಗಿ ಓದಿದ: "ನೀವೆಲ್ಲಾ ಅಣ್ಣಂದಿರು ನಮ್ಮ ರೂಮಿಗೆ ಬರ್ತೀರಿ, ಪುಸ್ತಕ ಇಸ್ಕೊಂಡು ಹೋಗ್ತೀರಿ, ನೀರು ಮಾತ್ರ ಕುಡಿಯಲ್ಲ." ಮಾದಿಗರ ಹುಡುಗರು ಇರುವ ರೂಮು ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ತಲೆ ಎತ್ತಲಿಲ್ಲ. ಆ ಸುತ್ತಿನಲ್ಲಿ ಎಲ್ಲರ ಮುಖ ಎಲ್ಲರಿಗೂ ಕಾಣುತ್ತಿತ್ತು. ವೇದಿಕೆಯಿದ್ದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆವು. ಯಾರೋ ಮೇಲೆ ನಿಂತು ನಾವೆಲ್ಲ ಒಂದೇ ತಾಯಿಯ ಮಕ್ಕಳು ಎನ್ನುತ್ತಿದ್ದರು, ಕೆಳಗೆ ಕೂತು ಚಪ್ಪಾಳೆ ತಟ್ಟಿ ಎದ್ದು ಬರುತ್ತಿದ್ದೆವು. ಆವತ್ತು ಚಪ್ಪಾಳೆ ತಟ್ಟುವಂಥದ್ದು ಏನೂ ಇರಲಿಲ್ಲ. ಒಬ್ಬ ಎದ್ದು ಹೋಗಿ ಆ ರೂಮಿನ ಬಿಂದಿಗೆ ತಂದು ನೀರು ಕುಡಿದ. ಇನ್ನೊಬ್ಬ, ಇದೆಲ್ಲ ನಾಟಕ, ನಾಳೆ ಕುಡೀತೀಯಾ ನೋಡೋಣ ಅಂದ. ಆ ದಿನ ನಿರ್ಣಯ ಏನೂ ಆಗಲಿಲ್ಲ. ಪುಸ್ತಕದಲ್ಲಿ ಚೀಟಿಯನ್ನು ಅಂಟಿಸಿ, 'ಚರ್ಚೆ ಮುಂದುವರಿಯುವುದು' ಎಂದು ಬರೆದಿದ್ದೇವೆ. ಮೂರು ವಾರದಿಂದ ಮುಂದುವರಿಯುತ್ತಿದೆ.

ಇದಕ್ಕೆ ಹೆದರುತ್ತಾರೆ ನಮ್ಮ ಅಣ್ಣಂದಿರು. ಎದುರಿಗೆ ಕೂತ ಹುಡುಗ ಏನು ಕೇಳುತ್ತಾನೋ ಎಂದು. ಕೇಳಲಿ ಬಿಡಿ ಅಣ್ಣಾ. ಬೂಟಿಗೆ, ಲಾಠಿಗೆ ಹೆದರದೆ ಜೈಲಿಗೆ ಹೋದವರು ನೀವು, ನಿಮ್ಮಿಂದಲೇ ನಾವು ಈ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದೇವೆ, ಅದನ್ನು ಮರೆತಿಲ್ಲ. ಒಂದು ಪೆನ್ಸಿಲ್ ಚೀಟಿಗೆ ಹೆದರಬೇಡಿ.

ಬರುವ ಸಭೆಗೆ ಸಮಾವೇಶದ ಸಂಘಟಕರನ್ನು ಕರೆದಿದ್ದೇವೆ. ವಿಷಯ ಎರಡು. ತರಗತಿ ಬಹಿಷ್ಕಾರದ ಐದನೇ ನಿರ್ಣಯವನ್ನು ಮತ್ತೆ ಮೊದಲಿಂದ ಚರ್ಚಿಸಿ ಗುಟ್ಟಿನ ಚೀಟಿಯಿಂದ ತೀರ್ಮಾನಿಸುವುದು. ಟೆಂಪೋ ಬಾಡಿಗೆ, ಶಾಲು, ಪೆಂಡಾಲಿನ ಲೆಕ್ಕ ಕೇಳುವುದು. ರಸೀದಿ ಪುಸ್ತಕ ತರಲು ಹೇಳಿದ್ದೇವೆ. ಭುಜ ಅಮುಕಿಸಿಕೊಂಡ ಪಿಯುಸಿ ಹುಡುಗನೇ ಆವತ್ತು ನಡೆಸುವವನು, ಸರದಿ ಅವನ ರೂಮಿಗೆ ಬಂದಿದೆ. ಸಮಯ ಇನ್ನೂ ಗೊತ್ತಾಗಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ. ಯಾವ ಹೊತ್ತು ಆದೀತು, ನಾವು ಬರಬೇಕೋ ನೀವು ಬರುತ್ತೀರೋ ಎಂದು ಕೇಳಿ ಕಾಗದ ಕಳಿಸಿದ್ದೇವೆ, ಅವರ ಉತ್ತರ ಬಂದ ಮೇಲೆ ನೋಟೀಸು ಬೋರ್ಡಿಗೆ ಹಾಕುತ್ತೇವೆ.

ಜೈಭೀಮ್.